ದೇವಣಿ ಬೈಕು, ಖಿಲಾರಿ ಬೈಕು

ಹೋದ ವಾರ ನನ್ನ ಬಲ ಅಂಗೈಯಲ್ಲಿ ಒಂದು ಗುಳ್ಳೆ ಎದ್ದಿತು. ಕಡಲೆಕಾಳಿನಷ್ಟಲ್ಲ, ಒಳ್ಳೆ ಬಾರೆಹಣ್ಣಿನಷ್ಟು. ನನ್ನ ಹೆಂಡತಿ ಕಾಶಮ್ಮ ಮುಲಾಮಿನ ಡಬ್ಬಿ ಹಿಡಿದು ಐದು ದಿನ ನನ್ನ ಹಿಂದೆ ತಿರುಗಿದಳು. ನಾನು ಕೈ ಕೊಡಲಿಲ್ಲ. ಸುಟ್ಟ ಗಾಯ ಬೇಗ ಮಾಯಬಾರದು ಎಂದು ಹಟ ಹಿಡಿದವನು ಚಿತ್ತಾಪುರದಲ್ಲಿ ನಾನೊಬ್ಬನೇ ಇರಬೇಕು. ಯಾಕೆಂದು ಹೇಳುತ್ತೇನೆ. ಆದರೆ ಮೊದಲು ಎತ್ತುಗಳ ವಿಷಯ ಹೇಳಬೇಕು, ಯಾಕೆಂದರೆ ಎತ್ತು ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ.

ಶಾಲೆಯಲ್ಲಿ ಮೂರನೇ ತರಗತಿಯವರೆಗೆ ಕೂತೆ. ಆಮೇಲೆ ಗಾಡಿಯ ಮೂಕಿಯ ಮೇಲೆ ಕೂತವನು ಮೂವತ್ತು ವರ್ಷ ಇಳಿಯಲಿಲ್ಲ. ಶಹಾಬಾದಿನ ಹಾಸುಗಲ್ಲು ಹೇರಿಕೊಂಡು ನಾನು ಹೋಗದ ಊರಿಲ್ಲ. ಎತ್ತು ಕೊಳ್ಳುವವರು ನನ್ನನ್ನು ಮನೆಯಿಂದ ಕರೆದೊಯ್ಯುತ್ತಿದ್ದರು. ಬಾಯಿ ತೆಗೆಸಿ ಹಲ್ಲು ಎಣಿಸುವುದು, ಬೆನ್ನ ಮೇಲಿನ ಸುಳಿ ನೋಡುವುದು, ಹೆಜ್ಜೆ ಇಡುವ ಸದ್ದು ಕೇಳುವುದು, ಇವು ನನ್ನ ಓದು ಬರಹ. ಕಾಗದದ ಮೇಲಿನ ಬರಹ ಅಷ್ಟಕ್ಕಷ್ಟೆ. ಇದನ್ನು ಕೂಡ ಮೊಮ್ಮಗಳು ರೇಣುಕಾ ತಿದ್ದಿಕೊಟ್ಟಿದ್ದಾಳೆ. ತಿದ್ದುವಾಗ ತನ್ನ ಹೊಗಳಿಕೆ ಇದ್ದಲ್ಲೆಲ್ಲ ಅಳಿಸಲು ನೋಡಿದಳು, ನಾನು ಬಿಡಲಿಲ್ಲ.

ಈ ರೇಣುಕಾ ಈಗ ಕೊಡ್ಲಿಯ ಕಡೆ ದನದ ದವಾಖಾನೆಯಲ್ಲಿ ನೌಕರಿ ಮಾಡುತ್ತಾಳೆ. ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಸೂಜಿ ಹಾಕುತ್ತಾಳೆ, ಆಕಳು ಈಯಲು ಕಷ್ಟಪಟ್ಟರೆ ಓಡುತ್ತಾಳೆ. ನಾನು ದನ ಹೊಡೆದು ಬದುಕಿದೆ, ಅವಳು ದನ ಬದುಕಿಸಿ ಬದುಕುತ್ತಾಳೆ. ಒಂದೇ ಮನೆತನದಲ್ಲಿ ಇಷ್ಟು ಸುಧಾರಣೆಯಾದರೆ ಸಾಲದೇ?

ಒಂದು ದಿನ ಅವಳ ಫೋನು ಬಂತು. "ಮುತ್ಯಾ, ಐತವಾರ ಸೇಡಂಗೆ ಬಾ. ಬೈಕ್ ತಗೊಳ್ಳಾಕತ್ತೀನಿ. ಎರಡು ಅವ. ಯಾವುದಂತ ನೀನೇ ಹೇಳಬೇಕು."

"ನನಗ ಸೈಕಲ್ಲೇ ಹೊಡಿಲಿಕ್ಕೆ ಬರಂಗಿಲ್ಲ. ನಿಮ್ಮಪ್ಪಗ ಕೇಳು."

"ಅಪ್ಪ ಒಂದು ದಿನಾನೂ ಎತ್ತಿನ ಹಲ್ಲು ನೋಡಿದಂವಲ್ಲ. ನೀ ಬಾ."

ಇಡೀ ಖಾನದಾನಿನಲ್ಲಿ ಕೇಳಬೇಕಾದವನು ನಾನೇ ಎಂದ ಮೇಲೆ ಏನು ಉಳಿಯಿತು! ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಬೆಳಗಿನ ರೈಲಿಗೆ ಹೊರಟೆ. ಪಕ್ಕದಲ್ಲಿ ಕೂತವರು ಕೇಳದಿದ್ದರೂ ಎಲ್ಲಿಗೆ, ಯಾಕೆ ಎಂದು ಹೇಳಿದೆ.

ಸೇಡಂನಲ್ಲಿ ಮೆಹಬೂಬನ ಗ್ಯಾರೇಜು. ಅವನ ಅಪ್ಪ ನನ್ನ ಎತ್ತುಗಳ ಗೊರಸಿಗೆ ನಾಲು ಬಡಿಯುತ್ತಿದ್ದ. ಮಗ ಟಯರು ಹಾಕುತ್ತಾನೆ. ಕಸುಬು ಅದೇ, ಕಾಲು ಬೇರೆ. ಮಾರಾಟಕ್ಕೆ ಬಂದ ಎರಡು ಹಳೆಯ ಬೈಕುಗಳನ್ನು ಅವನು ತೊಳೆದು ಒರೆಸಿ ನೆರಳಲ್ಲಿ ನಿಲ್ಲಿಸಿದ್ದ. ನೋಡಿದ ಕೂಡಲೇ ನನಗೆ ಎರಡರ ತಳಿಯೂ ತಿಳಿಯಿತು.

ಒಂದು ಅಪ್ಪಟ ದೇವಣಿ. ಅಗಲ ಬೆನ್ನು, ತುಂಬಿದ ಹೊಟ್ಟೆ, ಅವಸರವಿಲ್ಲದ ಮುಖ. ಚಾಲೂ ಮಾಡಿದರೆ ಡುಗ್ಗು ಡುಗ್ಗು ಎಂದು ಎದೆಯೊಳಗೇ ನಡೆದಂಥ ಸದ್ದು. ಅದರ ಮೇಲೆ ಕೂತು ಊರೊಳಗೆ ಬಂದರೆ ಕಟ್ಟೆಯ ಮೇಲಿನವರು ತಾವಾಗಿ ಚಾಚಿದ ಕಾಲು ಮಡಚುತ್ತಾರೆ. ಇನ್ನೊಂದು ಖಿಲಾರಿ. ತೆಳ್ಳಗೆ, ಮುಂದೆ ಬಾಗಿ, ಹಿಂದೆ ಬಾಲ ಎತ್ತಿ, ಹಗ್ಗ ಬಿಟ್ಟರೆ ಓಡಿಬಿಡುತ್ತೇನೆ ಎನ್ನುವಂತೆ ನಿಂತಿತ್ತು. ಖಿಲಾರಿಯನ್ನು ಬಲ್ಲವರಿಗೆ ಗೊತ್ತು, ಅದು ಒಡೆಯನ ಮಾತು ಕೇಳುತ್ತದೆ, ಒಡೆಯನ ನೆಂಟರ ಮಾತು ಕೇಳುವುದಿಲ್ಲ.

ನಾನು ಎರಡನ್ನೂ ಸುತ್ತು ಹಾಕಿದೆ. ಮುಂದೆ ನಿಂತು ದೀಪದ ಕೆಳಗೆ ಬಗ್ಗಿ ನೋಡಿದೆ. ಮೆಹಬೂಬ ನಕ್ಕ. "ಕಾಕಾ, ಹಲ್ಲು ಹುಡುಕ್ಲಿಕತ್ತೀರೇನ್ರಿ? ಇದರ ಬಾಯಿ ಮುಂದಿಲ್ಲ, ಬೆನ್ನ ಮ್ಯಾಲ ಅದ." ಎಂದು ಪೆಟ್ರೋಲಿನ ಮುಚ್ಚಳ ತೆಗೆದು ತೋರಿಸಿದ. ಬೆನ್ನಿನ ಮೇಲೆ ಬಾಯಿ ಇರುವ ಪ್ರಾಣಿಯನ್ನು ಆರಿಸುವುದು ಕಷ್ಟವೇ. ಆದರೂ ನಾನು ಸೋಲುವವನಲ್ಲ.

"ದೇವಣಿನೇ ತಗೋ," ಎಂದೆ. "ಬಾಯಿಗೂಡಿದ, ಹಲ್ಲೆಲ್ಲ ಬಂದ ಎತ್ತು ಇದು. ಮರ್ಯಾದಿ ಅದ."

ಮರ್ಯಾದೆಯ ಮಾತು ಸುಳ್ಳಲ್ಲ, ಆದರೆ ಪೂರ್ತಿ ಖರೆಯೂ ಅಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು? ದೇವಣಿಯ ಹಿಂದಿನ ಸೀಟು ಗಾದಿಯಷ್ಟು ಅಗಲವಿತ್ತು. ಮೊಮ್ಮಗಳು ಮುಂದೆ, ನಾನು ಹಿಂದೆ, ಬೀಗರ ಊರಾದ ವಾಡಿಯ ಬಜಾರಿನಲ್ಲಿ ಹಾದು ಹೋಗುವುದು ನನ್ನ ಕಣ್ಣ ಮುಂದೆ ಆಗಲೇ ಕಟ್ಟಿತ್ತು. ಖಿಲಾರಿಯ ಹಿಂದಿನ ಸೀಟೋ, ಕಾಗೆ ಕೂತರೂ ಜಾರಬೇಕು.

ರೇಣುಕಾ ಆಗಲಿ ಎಂದು ತಲೆಯಾಡಿಸಿದಳು. ನಾನೇ ಸುಮ್ಮನಿರದೆ ಇನ್ನೊಂದು ಪರೀಕ್ಷೆ ಹೂಡಿದೆ. ನಮ್ಮಲ್ಲಿ ಎತ್ತನ್ನು ನಿಂತಲ್ಲೇ ನೋಡಿ ಕೊಳ್ಳುವುದಿಲ್ಲ, ಮಲಗಿಸಿ ಎಬ್ಬಿಸುತ್ತೇವೆ. ಎರೆಮಣ್ಣಿನಲ್ಲಿ ಬಿದ್ದ ಎತ್ತನ್ನು ಒಡೆಯ ಒಬ್ಬನೇ ಎಬ್ಬಿಸಬೇಕಾಗುತ್ತದೆ. "ಎರಡೂ ಮಲಗಸು," ಎಂದೆ.

"ಯಾ ಅಲ್ಲಾ! ಬೈಕ್ ಮಲಗಸ್ತಾರೇನ್ರಿ ಕಾಕಾ?" ಎಂದ ಮೆಹಬೂಬ. ಆದರೆ ಅಪ್ಪನ ಕಾಲದ ಸಲಿಗೆ. ಗೋಣಿಚೀಲ ಹಾಸಿ ಎರಡನ್ನೂ ಮೆಲ್ಲಗೆ ಮಲಗಿಸಿದ. ಚಹಾದಂಗಡಿಯವರು ಲೋಟ ಹಿಡಿದುಕೊಂಡೇ ನೋಡಲು ಬಂದರು.

ರೇಣುಕಾ ಖಿಲಾರಿಯನ್ನು ಕುರಿಮರಿಯಂತೆ ಎತ್ತಿ ನಿಲ್ಲಿಸಿದಳು. ದೇವಣಿಯ ಹತ್ತಿರ ಬಂದಾಗ ನನ್ನ ಎದೆ ಡುಗ್ಗು ಎಂದಿತು. ನಾನೇ ಹೂಡಿದ ಪರೀಕ್ಷೆಯಲ್ಲಿ ಹುಡುಗಿ ಹತ್ತು ಜನರ ಮುಂದೆ ಸೋತರೆ? ಅವಳು ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತಳು, ಕೈ ಹಿಂದೆ ಹಾಕಿ ಹಿಡಿದಳು, ಕಾಲಿನಿಂದ ನೆಲ ಒದೆಯುತ್ತ ಹಿಂದಕ್ಕೆ ಹೆಜ್ಜೆ ಇಟ್ಟಳು. ಮಲಗಿದ್ದ ದೇವಣಿ ಎದ್ದು ನಿಂತಿತು. ಮಲಗಿದ ಎಮ್ಮೆಗಳನ್ನು ದಿನಾ ಎಬ್ಬಿಸುವವಳಿಗೆ ಇದೇನು! "ಯಾರ ಮೊಮ್ಮಗಳ್ರಿ?" ಎಂದು ಒಬ್ಬರು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ದೇವರು ನನ್ನನ್ನು ಇಷ್ಟು ದಿನ ಇಟ್ಟಿದ್ದ.

ಎಲ್ಲರಿಗೂ ಚಹಾ ಹೇಳಲು ಹೋದವನು ಮರಳಿ ಬರುವಾಗ ಗೋಡೆಯಾಚೆ ರೇಣುಕಾ, ಮೆಹಬೂಬರ ಮಾತು ಕೇಳಿದೆ.

"ನಿನ್ನ ಕೆಲಸಕ್ಕ ಸಣ್ಣದೇ ಬರೋಬರಿ ಅದ ಬೇಟಿ," ಎನ್ನುತ್ತಿದ್ದ ಮೆಹಬೂಬ. "ದೊಡ್ಡದು ಆರಾಮಿನ ಗಾಡಿ. ಹಳ್ಳಿ ಗಲ್ಲಿಯಾಗ ಹೊಳ್ಳಿ ತಿರಗೋದ್ರಾಗ ಹೊತ್ತು ಹೋಗ್ತದ."

"ಗೊತ್ತದ ಕಾಕಾ. ಹೋದ ತಿಂಗಳು ಚಿಮ್ಮನಚೋಡದಾಗ ಒಂದು ಆಕಳು ಈಯಲಿಕ್ಕೆ ಆಗದೆ ಮಲಗಿತ್ತು. ಬಸ್ ದಾರಿ ಕಾಯ್ದು ಹೋದೆ. ಆಕಳು ಉಳೀತು, ಕರ ಉಳೀಲಿಲ್ಲ." ಎಂದಳು. "ಆದ್ರೂ ದೊಡ್ಡದೇ ಇರಲಿ. ಮುತ್ಯಾಗ ಹಿಂದ ಕುಂದ್ರಲಿಕ್ಕೆ ಬರಬೇಕಲ್ಲ. ಸಣ್ಣಾಕಿದ್ದಾಗ ನನ್ನ ಮೂಕಿ ಮ್ಯಾಲ ಕುಂದ್ರಿಸ್ಕೊಂಡು ಎಲ್ಲಾ ಕಡಿ ತಿರಗಿಸ್ಯಾನ."

ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು; ಯಾವುದು ಮೊದಲು ಆಯಿತೋ ಹೇಳಲಾರೆ. ಮೂವತ್ತು ವರ್ಷ ಎತ್ತು ಆರಿಸಿದವನು ಮೊದಲ ಪಾಠವನ್ನೇ ಮರೆತಿದ್ದೆ. ಒಂಟಿ ಎತ್ತು ಕೊಳ್ಳುವಾಗ ಮನೆಯಲ್ಲಿರುವ ಎತ್ತನ್ನೂ ಹೊಡೆದುಕೊಂಡು ಹೋಗಿ, ಎರಡನ್ನೂ ನೊಗಕ್ಕೆ ಹೂಡಿ, ಹೆಜ್ಜೆ ಕೂಡುತ್ತದೆಯೇ ನೋಡುತ್ತೇವೆ. ನೋಡುವುದು ಜೋಡಿಯನ್ನು. ಗಾಡಿಯೊಳಗೆ ಕೂತ ಮುದುಕನಿಗೆ ಮೆತ್ತಗಾಗುತ್ತದೆಯೇ ಎಂದು ಯಾರೂ ಎತ್ತು ಕೊಂಡದ್ದಿಲ್ಲ. ಇಲ್ಲಿ ನೊಗದ ಇನ್ನೊಂದು ಕಡೆ ಇರುವವಳು ರೇಣುಕಾ. ಅವಳ ಹೆಜ್ಜೆ ಖಿಲಾರಿಯದು, ಹುಟ್ಟಿನಿಂದ.

ಒಳಗೆ ಹೋದವನೇ ಗಟ್ಟಿಯಾಗಿ ಹೇಳಿದೆ, "ಮೆಹಬೂಬಾ, ಖಿಲಾರಿ ಹೊರಗ ತಗಿ."

"ಅಲ್ಲ ಮುತ್ಯಾ, ನೀ ದೇವಣಿ ಅಂದಿ."

"ಆಗ ಸುಳಿ ನೋಡಿದ್ದಿಲ್ಲ. ಈಗ ನೋಡೀನಿ."

"ಅದರ ಹಿಂದ ನೀ ಹೆಂಗ ಕುಂದ್ರತಿ?"

"ಟಂಟಂ ಆಟೋ ಅವ, ರೈಲ್ ಅದ. ನಿನ್ನ ಬೆನ್ನಿಗಿ ಔಷಧದ ಚೀಲ ಇರಲಿ, ನಾ ಯಾಕ?"

ಅವಳು ಕೇಳಲಿಲ್ಲ. ಒಂದು ಸಲವಾದರೂ ಕೂರಲೇಬೇಕು ಎಂದು ಹಟ ಹಿಡಿದಳು. ಹಳೆಯ ಟಯರುಗಳ ಗುಡ್ಡೆ ಹತ್ತಿ, ಅಲ್ಲಿಂದ ಖಿಲಾರಿಯ ಬಾಲದ ಮೇಲೆ ಇಳಿದೆ. ಚಿಂಚೋಳಿಯ ರಸ್ತೆಯಲ್ಲಿ ಎಷ್ಟು ದೂರ ಹೋದೆವೋ ತಿಳಿಯದು, ಕಣ್ಣು ಮುಚ್ಚಿದ್ದೆ. ರುಮಾಲು ಒಂದು ತೊಗರಿ ಹೊಲ ಸೇರಿತು, ಅದನ್ನು ಹುಡುಕಿಕೊಂಡು ಬಂದೆವು. ಬೈಕು ತಗ್ಗು ದಿನ್ನೆಗಳನ್ನು ಜಿಗಿಯದೆ ತಪ್ಪಿಸುತ್ತಿತ್ತು, ಅವಳು ಬಾಗಿದತ್ತ ಬಾಗುತ್ತಿತ್ತು. ಹೆಜ್ಜೆ ಕೂಡಿತ್ತು.

ಗ್ಯಾರೇಜಿಗೆ ಬಂದು ಇಳಿದೆ. ಒಳ್ಳೆಯ ಎತ್ತು ಪರೀಕ್ಷೆಯಲ್ಲಿ ಗೆದ್ದರೆ ತೊಡೆಯ ಮೇಲೆ ಚಪ್ಪರಿಸುವುದು ಪದ್ಧತಿ. "ಭಲೇ ಮಗನ!" ಎಂದು ಕೈಯೆತ್ತಿ ಹಿಂದಿನ ತೊಡೆಗೆ ಒಂದು ಕೊಟ್ಟೆ. ತೊಡೆ ಇರಬೇಕಾದ ಜಾಗದಲ್ಲಿ ಸೈಲೆನ್ಸರ್ ಇತ್ತು.

ಇದೇ ನೋಡಿ ಗುಳ್ಳೆಯ ಕಥೆ. ಕೈಗೆ ಏನಾಯಿತು ಎಂದು ಯಾರು ಕೇಳಿದರೂ ಮೊದಲಿನಿಂದ ಹೇಳಬೇಕಾಗುತ್ತದೆ, ರೇಣುಕಾಳ ನೌಕರಿಯಿಂದ ಹಿಡಿದು ದೇವಣಿ ಎದ್ದು ನಿಂತದ್ದರವರೆಗೆ. ಕೇಳದವರ ಮುಂದೆ ಕೈ ಬೀಸಿ ಉಫ್ ಎನ್ನುತ್ತೇನೆ, ಕೇಳುತ್ತಾರೆ. ಹೀಗೆ ಚಿತ್ತಾಪುರ ಮುಗಿಸಿದೆ, ವಾಡಿಯಲ್ಲಿ ಬೀಗರ ಮನೆಗಳನ್ನು ಮುಗಿಸಿದೆ. ಶಹಾಬಾದ್ ಬಾಕಿ ಇತ್ತು.

ಆರನೆಯ ದಿನ ಬೆಳಗ್ಗೆ ಚಪ್ಪಲಿ ಮೆಟ್ಟುವಾಗ ಫೋನು ಬಂತು. ಗಾಳಿಯ ಸದ್ದು, ಯಾರದೋ ನಗು, ಒಂದು ಸಣ್ಣ ಅಂಬಾ. "ಮುತ್ಯಾ, ಚಿಮ್ಮನಚೋಡದಾಗ ಇದ್ದೀನಿ. ಹೊತ್ತಿಗಿ ಮುಟ್ಟಿದೆ. ಕರ ಎದ್ದು ನಿಂತದ."

ನಾನು ಕಾಶಮ್ಮನ ಮುಂದೆ ಕೈ ಚಾಚಿದೆ. "ಹಚ್ಚು ಮುಲಾಮು."

"ಯಾಕ, ಶಹಾಬಾದಿಗಿ ಹೋಗಂಗಿಲ್ಲೇನು?"

"ಹೋಗ್ತೀನಿ. ಇನ್ನ ಗುಳ್ಳಿ ಬೇಕಾಗಿಲ್ಲ."