ಬಾಣಂತಿಗೆ ಬೇಳೆ ಕೊಡಿಸಿದ ಬಾಯಾರು

ಯಾರು ಎದುರಾದರೂ ಮೊದಲು ಅವರ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡುವುದು ನಮ್ಮ ಓಣಿಯ ಬಾಯಾರ ಚಟ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು; ನಮ್ಮ ಕಡೆ ಟೀಚರಮ್ಮ ಎಂದರೆ ಬಾಯಾರು. ನನ್ನದು ರಾಯಬಾಗದಲ್ಲಿ ಬೇಳೆಕಾಳಿನ ಅಂಗಡಿ. ಗಿರಾಕಿಯೊಂದಿಗೆ ನಾನು ದರ ಕುದುರಿಸುವಾಗಲೇ ನಡುವೆ ಬಂದು, "ತಂಗೀ, ಕಣ್ಣಾಗ ರಗತನ ಇಲ್ಲಲ್ಲ ನಿನಗ" ಎಂದುಬಿಡುವರು. ಗಿರಾಕಿ ದವಾಖಾನೆಯ ದಾರಿ ಹಿಡಿಯುವಳು. ನನಗೆ ಮೈಯೆಲ್ಲ ಉರಿ.

"ಬಾಯಾರ, ಇದು ಅಂಗಡಿ ಐತ್ರಿ."

"ಬದುಕಿದ್ರ ನಾಳೆ ಬರ್ತಾಳ ತಗೋರಿ, ಸಾವಕಾರ್ರ."

ನನ್ನ ಮಗಳ ಚೊಚ್ಚಲ ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು. ಕಬ್ಬಿಣದ ಗುಳಿಗೆ ನುಂಗಿ ತಿಂಗಳಾದರೂ ರಕ್ತ ಏರಲಿಲ್ಲ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಹೀಗೇ ಆದರೆ ರಕ್ತ ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಬಾಯಾರು ಕರೆಯದೆಯೇ ಬಂದರು, ನೆಟ್ಟಗೆ ಅಡುಗೆಮನೆಗೆ. ಮಗಳ ತಾಟಿನಲ್ಲಿ ಅನ್ನ, ತುಪ್ಪ, ಮೆಣಸಿನ ಸಾರು.

"ಬ್ಯಾಳಿ ಎಲ್ಲಿ?"

"ಬಾಣಂತಿಗಿ ಬ್ಯಾಳಿ ಕೊಟ್ರ ಕೂಸಿಗಿ ವಾಯು ಆಗತೈತ್ರಿ. ನಮ್ಮ ಅತ್ತಿ ನನಗೂ ಕೊಟ್ಟಿರಲಿಲ್ಲ" ಎಂದಳು ನನ್ನ ಹೆಂಡತಿ.

"ಅಂಗಡ್ಯಾಗ ಚೀಲ ಚೀಲ ಬ್ಯಾಳಿ, ಮಗಳ ತಾಟಿನ್ಯಾಗ ಬರೇ ನೀರು! ಎಂಥಾ ಸಾವಕಾರಕಿರೀ ನಿಮ್ದು?"

ಅಲ್ಲೇ ಪಾಠ ಶುರು. ರಕ್ತದ ಕೆಂಪು ಕಣದೊಳಗೆ ಕಬ್ಬಿಣವನ್ನು ಹಿಡಿದು ನಿಲ್ಲಿಸುವುದು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವಂತೆ. ಅದು ಊಟದಿಂದಲೇ ಬರಬೇಕಂತೆ. ಮೊಟ್ಟೆ, ಮಾಂಸ ಮುಟ್ಟದ ನಮ್ಮಂಥ ಜೈನರಿಗೆ ಬೇಳೆಯೇ ಮುಖ್ಯ ದಾರಿಯಂತೆ. "ಗುಳಿಗಿ ಕಬ್ಬಿಣ ತರತೈತಿ. ಹಿಡಿಯಾವ್ರ ಇಲ್ಲಂದ್ರ ಅದಾದ್ರೂ ಏನ್ ಮಾಡೀತು?"

ಹೆಂಡತಿ ಒಪ್ಪಲಿಲ್ಲ, ಬಾಯಾರು ಹೊರಡಲಿಲ್ಲ. ಕೊನೆಗೆ ನಾನೇ ದಲ್ಲಾಳಿಯಾದೆ. ನಿಮಗೂ ಹೇಳುತ್ತೇನೆ, ಜಗಳ ಬಿಡಿಸುವಾಗ ಇಬ್ಬರ ಸೋಲನ್ನೂ ಸಣ್ಣದು ಮಾಡಬೇಕು. ಮೊದಲು ಹೆಸರುಬೇಳೆ, ತೆಳ್ಳಗೆ, ಒಂದೇ ವಾಟಿ. ಕೂಸಿಗೆ ಹೊಟ್ಟೆ ಉಬ್ಬಿದರೆ ಬಂದ್. ಕೂಸು ಎಂದಿನಷ್ಟೇ ಅತ್ತಿತು. ವಾಟಿ ಎರಡಾದವು, ತೊಗರಿಯೂ ಒಳಗೆ ಬಂತು.

ಮುಂದಿನ ತಪಾಸಣೆಯಲ್ಲಿ ರಕ್ತ ಏರಿತ್ತು. ಹೊರಗಿನಿಂದ ರಕ್ತ ಹಾಕುವ ಮಾತು ನಿಂತಿತು. "ಬ್ಯಾಳಿ ಗೆದ್ದತ್ರಿ ಬಾಯಾರ" ಎಂದರೆ ಅದಕ್ಕೂ ಸಿಡುಕಿದರು: "ಗುಳಿಗಿನೂ ಬೇಕು, ಬ್ಯಾಳಿನೂ ಬೇಕು. ಅವೆರಡಕ್ಕ ಜಗಳ ಹಚ್ಚಬ್ಯಾಡ್ರಿ."

ಹೋದ ವರ್ಷ ಬಾಯಾರು ತೀರಿಕೊಂಡರು. ಈಗ ವ್ಯಾಪಾರಕ್ಕೆ ಅಡ್ಡ ಬರುವವರಿಲ್ಲ. ಆ ನೆಮ್ಮದಿಯೂ ತಲೆಚಿಟ್ಟು ಹಿಡಿಸುತ್ತದೆ. ಮೊನ್ನೆ ಚಿಂಚಲಿಯ ಒಬ್ಬಾಕೆ, ಸೊಸೆ ಹಡೆದ ಸುದ್ದಿ ಹೇಳುತ್ತ ತೊಗರಿಬೇಳೆ ತೂಗಿಸುತ್ತಿದ್ದಳು. ತಡೆಯಲಾಗಲಿಲ್ಲ.

"ಇದ್ರಾಗ ಸೊಸಿ ಪಾಲು ಎಷ್ಟ ಬೇ?"

"ಅಯ್ಯ, ಬಾಣಂತಿಗಿ ಯಾರಾದ್ರೂ ಬ್ಯಾಳಿ ಕೊಡ್ತಾರೇನ್ರಿ? ಸುಮ್ಮ ತೂಗ್ರಿ."

ತೂಗುವುದನ್ನು ನಿಲ್ಲಿಸಿ, ಆಕೆಗೊಂದು ಸ್ಟೂಲು ಹಾಕಿ, ಬಾಯಾರ ಪಾಠ ಶುರು ಮಾಡಿದೆ. ಹಿಂದೆ ನಿಂತ ಗಿರಾಕಿಗಳು ಗೊಣಗತೊಡಗಿದರು.