ಮೊದಲು ಕೇಳುವವನು

ಮುನಾವರ ಮೊನ್ನೆ ಕೂಡ್ಲಿಗಿಯಲ್ಲಿ ತೀರಿಕೊಂಡ. ಕಂಪ್ಯೂಟರಿನ ಆದೇಶವನ್ನು ಪ್ರಿಂಟರಿಗೆ ಮುಟ್ಟಿಸುವ ಡ್ರೈವರ್ ತಂತ್ರಾಂಶ ಬರೆಯುವುದು ಅವನ ಕೆಲಸ. ಕಾಗದ ಕತ್ತರಿಸುವ ಸೌಲಭ್ಯ ಎಲ್ಲ ಪ್ರಿಂಟರಿಗೂ ಇರುವುದಿಲ್ಲ. ಇದೆಯೇ ಎಂದು ತಂತ್ರಾಂಶ ಮೊದಲು ಪ್ರಿಂಟರನ್ನು ಕೇಳಬೇಕು, ಇಲ್ಲವೆಂದರೆ ಸುಮ್ಮನೆ ಮುಂದೆ ಹೋಗಬೇಕು, ಇಲ್ಲದ ಸೌಲಭ್ಯವನ್ನು ಬಳಸಹೋದರೆ ಕಂಪ್ಯೂಟರೇ ನಿಂತುಹೋಗುತ್ತದೆ ಎನ್ನುತ್ತಿದ್ದ. ಹೋಟೆಲಿನಲ್ಲೂ ಅದೇ ಚಾಳಿ. ಚಟ್ನಿಯ ಬಟ್ಟಲು ಎದುರಿಗೇ ಇದ್ದರೂ, "ಚಟ್ನಿ ಐತೇನ್ರಿ? ಇಲ್ಲಂದ್ರ ಬಿಡ್ರಿ" ಎನ್ನುವನು. "ಕಣ್ಣು ಅದಾವೇನಲೇ ನಿನಗ?" ಎಂದು ಗೆಳೆಯ ಗಂಗಾಧರ ರೇಗಿಸಿದರೆ, "ಹಾಂ, ಹಿಂಗ ಮೊದಲು ಕೇಳಬೇಕು ನೋಡು" ಎಂದು ನಗುವನು. ಇಲ್ಲ ಎಂದವರನ್ನು ಎಂದೂ ಎರಡನೇ ಸಲ ಕೇಳಿದವನಲ್ಲ. ಮೊನ್ನೆ ಆಸ್ಪತ್ರೆಯಲ್ಲಿ, ಗಂಗಾಧರ ಬಂದನೇ ಎಂದು ಹೆಂಡತಿ ಅಸ್ಫಿಯಾಳನ್ನು ಕೇಳಿದನಂತೆ. ಗಂಗಾಧರ ಹರಪನಹಳ್ಳಿಯಿಂದ ಬರುವ ಬಸ್ಸಿನಲ್ಲಿ ಇನ್ನೂ ದಾರಿಯಲ್ಲಿದ್ದ. ಇಲ್ಲ ಎಂದಳಂತೆ ಅವಳು. ಆದರೂ ಮುನಾವರ, ಯಾಕೆಂದು ಗಂಗಾಧರನಿಗೆ ಈಗಲೂ ತಿಳಿಯುತ್ತಿಲ್ಲ, ಮತ್ತೆ ಕೇಳಿದನಂತೆ.