ಮನೆಯಲ್ಲಿ ಗಂಡಸರು ಯಾರಿದ್ದಾರೆ?

ನನ್ನ ಗಂಡ ತೀರಿಕೊಂಡಾಗ ನಾವು ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅವರು ಸೆಕ್ಷನ್ ಆಫೀಸರ್ ಆಗಿದ್ದರು. ಒಂದು ಬೆಳಿಗ್ಗೆ ಎಂದಿನಂತೆ ಊಟದ ಡಬ್ಬಿ ತೆಗೆದುಕೊಂಡು ಹೋದವರು ಕಚೇರಿಯ ಲಿಫ್ಟಿನ ಮುಂದೆ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಮಗಳು ಆಗ ಹತ್ತನೆಯ ತರಗತಿಯಲ್ಲಿದ್ದಳು. ನಾನು ಯಮುನೆಯ ಆಚೆ ದಡದ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ.

ತೀರಿಕೊಂಡವರ ಕುಟುಂಬ ಕ್ವಾರ್ಟರ್ಸ್‌ನಲ್ಲಿ ಸ್ವಲ್ಪ ಕಾಲ ಇರಬಹುದು. ಆ ಕಾಲ ಕರಗುತ್ತಾ ಬಂದ ಹಾಗೆ ಅಕ್ಕಪಕ್ಕದವರ ಮಾತೂ ಬದಲಾಯಿತು. ಮೊದಲು "ಊಟ ಆಯ್ತಾ?" ಎಂದು ವಿಚಾರಿಸುತ್ತಿದ್ದವರು "ಮನೆ ನೋಡಿದ್ರಾ?" ಎಂದು ವಿಚಾರಿಸತೊಡಗಿದರು. ದಾವಣಗೆರೆಯಲ್ಲಿರುವ ನನ್ನ ಮೈದುನ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದುದು ಒಂದೇ ಮಾತು. "ಅತ್ತಿಗೆ, ಅಲ್ಲಿ ನಿಮಗ್ಯಾರಿದ್ದಾರೆ? ಇಲ್ಲಿಗೇ ಬಂದ್ಬಿಡಿ." ಅವನು ಮನಸ್ಸಿಟ್ಟೇ ಕರೆಯುತ್ತಿದ್ದ. ಆದರೆ ಮಗಳು ಹುಟ್ಟಿ ಬೆಳೆದದ್ದು ಇಲ್ಲಿ, ಅವಳ ಓದು ಇಲ್ಲಿ, ನನ್ನ ಕೆಲಸ ಇಲ್ಲಿ. ಮದುವೆಯಾಗಿ ಬಂದಾಗಿನಿಂದ ಇದ್ದ ಈ ಊರು ನನಗೆ ಪರದೇಶವೆಂದು ಗೊತ್ತಾದದ್ದು ಬಾಡಿಗೆ ಮನೆ ಹುಡುಕಲು ಹೊರಟ ಮೇಲೆ.

ಶಾಲೆಗೆ ಹತ್ತಿರವಾಗಲಿ ಎಂದು ಮಯೂರ್ ವಿಹಾರ್‌ನಲ್ಲಿ ಹುಡುಕಿದೆ. ಮನೆ ತೋರಿಸುತ್ತಿದ್ದ ಡೀಲರ್ ನಡುವಯಸ್ಸಿನವನು, ನನ್ನನ್ನು ಭಾಭೀಜಿ ಎನ್ನುತ್ತಿದ್ದ. ಜೂನ್ ತಿಂಗಳ ಬಿಸಿಗಾಳಿಯಲ್ಲಿ ತಲೆಗೆ ದುಪಟ್ಟಾ ಸುತ್ತಿಕೊಂಡು ಅವನ ಹಿಂದೆ ಒಂದು ಹೌಸಿಂಗ್ ಸೊಸೈಟಿಯಿಂದ ಇನ್ನೊಂದು ಸೊಸೈಟಿಗೆ ನಡೆಯುತ್ತಿದ್ದೆ. ಮಾಲೀಕರು ನೀರು ಕೊಡುತ್ತಿದ್ದರು, ಕೂರಿಸುತ್ತಿದ್ದರು. ಸಸ್ಯಾಹಾರಿಗಳಾ, ನಾಯಿ ಸಾಕಿದ್ದೀರಾ ಎಂದು ಕೇಳಿ ತಲೆದೂಗುತ್ತಿದ್ದರು. ಆಮೇಲೆ ಬರುತ್ತಿದ್ದ ಪ್ರಶ್ನೆ, "ಮನೆಯಲ್ಲಿ ಗಂಡಸರು ಯಾರಿದ್ದಾರೆ?"

ಯಾರೂ ಇಲ್ಲ, ನಾನು ಮತ್ತು ಮಗಳು, ಎಂದರೆ ಮುಖಗಳಲ್ಲಿ ಏನೋ ಮುಚ್ಚಿಕೊಳ್ಳುತ್ತಿತ್ತು. ಯಾರೂ ಗದರಲಿಲ್ಲ, ಅವಮಾನ ಮಾಡಲಿಲ್ಲ. ಒಬ್ಬರಿಗೆ ಇದ್ದಕ್ಕಿದ್ದಂತೆ ತಮ್ಮನ ಸಂಸಾರ ಬರುವುದು ನೆನಪಾಯಿತು. ಇನ್ನೊಬ್ಬರು ಮನೆಯನ್ನು ಮಾರುವ ಯೋಚನೆಯಿದೆ ಎಂದರು. ಮತ್ತೊಬ್ಬರು ಕೈಮುಗಿದು, "ತಪ್ಪು ತಿಳೀಬೇಡಿ ಮೇಡಂ, ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಯಾರ ಹತ್ತಿರ ಮಾತಾಡೋದು?" ಎಂದು ನನ್ನ ಹತ್ತಿರವೇ ಕೇಳಿದರು.

ಅದಾದ ಮೇಲೆ ಡೀಲರ್ ಒಂದು ದಿನ ಹಿಂದಿಯಲ್ಲಿ ಮೆಲ್ಲಗೆ ಹೇಳಿದ. "ಭಾಭೀಜಿ, ಇವತ್ತು ನೀವು ಸುಮ್ಮನಿರಿ, ಮಾತು ನಾನು ಆಡ್ತೀನಿ."

ಬೇಸಿಗೆ ರಜೆ, ಅವತ್ತು ಮಗಳೂ ಜೊತೆಗೆ ಬಂದಿದ್ದಳು. ಅದು ಹಳೆಯ ಕೋಆಪರೇಟಿವ್ ಸೊಸೈಟಿ. ಮಾಲಕಿ ಎಪ್ಪತ್ತು ದಾಟಿದ ಪಂಜಾಬಿ ಹೆಂಗಸು, ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಬಾಡಿಗೆಗಿದ್ದ ಮನೆ ಅದರ ಮೇಲಿನದು. ಬಾಗಿಲು ತೆಗೆದ ಕೂಡಲೇ ನಮಗಿಬ್ಬರಿಗೂ ಉಸಿರು ಹಗುರಾಯಿತು. ಎರಡು ಕಡೆಯಿಂದ ಬೆಳಕು, ಅಡುಗೆಮನೆಯ ಕಿಟಕಿಗೆ ತಾಗಿ ಬೇವಿನ ಮರ. ಮಗಳು ಸಣ್ಣ ಕೋಣೆಯೊಳಗೆ ಹೋಗಿ ಬಾಲ್ಕನಿಯ ಬಾಗಿಲು ತೆಗೆದು, "ಅಮ್ಮಾ, ಇಲ್ಲಿ ನನ್ನ ಟೇಬಲ್ ಹಾಕೋಣ, ಪರ್ಫೆಕ್ಟ್ ಹೈ," ಎಂದಳು. ಅಪ್ಪ ಹೋದ ಮೇಲೆ ಅವಳು ಏನನ್ನಾದರೂ ತನಗೆ ಬೇಕೆಂದು ಕೇಳಿದ್ದು ಅದೇ ಮೊದಲು.

ಕೆಳಗೆ ಮಾಲಕಿ ಚಹಾ ಕೊಟ್ಟರು, ಕರಿದ ಉಪ್ಪು ಬಿಲ್ಲೆಗಳಂಥ ಮಠ್ರಿ ಕೊಟ್ಟರು. ದಕ್ಷಿಣದವರು ಶಾಂತ ಸ್ವಭಾವದವರು ಎಂದು ಮೆಚ್ಚಿದರು. ಆಮೇಲೆ ಅದೇ ಪ್ರಶ್ನೆ. "ಸಾಹೇಬರು ಬರಲಿಲ್ವಾ?"

"ಸಾಹೇಬರಿಗೆ ಹೊರಗಡೆ ಪೋಸ್ಟಿಂಗ್ ಆಗಿದೆ, ಆಂಟೀಜಿ," ಎಂದ ಡೀಲರ್. "ದೊಡ್ಡ ಆಫೀಸರ್. ರಜೆ ಸಿಕ್ಕಾಗ ಬರ್ತಾರೆ."

ನಾನು ಚಹಾದ ಲೋಟ ನೋಡುತ್ತಾ ಕುಳಿತೆ. ಅವರು ನಿಜವಾಗಿಯೂ ಎಲ್ಲೋ ಭೋಪಾಲದಲ್ಲೋ ಗುವಾಹಟಿಯಲ್ಲೋ ಇದ್ದಾರೆ, ದೀಪಾವಳಿಗೆ ಸೂಟ್‌ಕೇಸ್ ಹಿಡಿದು ಈ ಮೆಟ್ಟಿಲು ಹತ್ತಿ ಬರುತ್ತಾರೆ ಎಂದು ಒಂದು ಕ್ಷಣ ಅನ್ನಿಸಿತು.

ಮಾಲಕಿ ಮಗಳ ಗಲ್ಲ ಸವರಿದರು. "ಪಾಪಾ ದಿನಾ ಫೋನ್ ಮಾಡ್ತಾರಾ ಬೇಟಾ?"

ಮಗಳು ಡೀಲರ್‌ನನ್ನು ನೋಡಿದಳು, ನನ್ನನ್ನು ನೋಡಿದಳು. "ಪಾಪಾ ಇಲ್ಲ ಆಂಟಿ," ಎಂದಳು ಹಿಂದಿಯಲ್ಲಿ. "ತೀರಿಕೊಂಡರು."

ಡೀಲರ್ ತನ್ನ ಮೊಬೈಲ್ ಕಡೆ ಮುಖ ತಿರುಗಿಸಿದ. ಮುದುಕಿ ಎದ್ದು ಬಂದು ಮಗಳನ್ನು ಎದೆಗೆ ಒತ್ತಿಕೊಂಡು ಅತ್ತರು. ಸುಳ್ಳು ಅಳುವಲ್ಲ. ತಮ್ಮ ಗಂಡ ಹೋಗಿ ಎಷ್ಟೋ ವರ್ಷವಾದರೂ ಸಂಜೆಯಾದರೆ ಗೇಟಿನ ಸದ್ದಿಗೆ ಕಿವಿಯಿರುತ್ತದೆ ಎಂದು ನನಗೆ ಹೇಳಿದರು. ನನ್ನ ಕೈ ಹಿಡಿದುಕೊಂಡೇ ಇದ್ದರು. ಮನೆ ಸಿಕ್ಕಿತು ಎಂದುಕೊಂಡೆ.

ಹೊರಡುವಾಗ ಗೇಟಿನವರೆಗೂ ಬಂದರು. ಮಠ್ರಿಯನ್ನು ಪೊಟ್ಟಣ ಕಟ್ಟಿ ಮಗಳ ಕೈಗಿಟ್ಟು, ನನ್ನ ಕಡೆ ನೋಡದೆ ಹೇಳಿದರು. "ಕೋಪ ಮಾಡ್ಕೋಬೇಡ ಬೇಟಾ. ನಾನೂ ಒಂಟಿ ಹೆಂಗಸು. ಮೇಲೊಂದು ಕೆಳಗೊಂದು ಗಂಡಸಿಲ್ಲದ ಮನೆ ಅಂದರೆ ನನಗೇ ಭಯ. ಮೇಲೆ ಒಬ್ಬ ಗಂಡಸಿನ ಹೆಜ್ಜೆ ಸದ್ದು ಕೇಳಲಿ ಅಂತಲೇ ಬಾಡಿಗೆಗೆ ಕೊಡ್ತಿರೋದು."

ಬೇರೆಯವರ ನೆಪಗಳ ಮೇಲೆ ಸಿಟ್ಟು ಬಂದಿತ್ತು, ಈಕೆಯ ಮೇಲೆ ಬರಲಿಲ್ಲ.

ಮೆಟ್ರೋದಲ್ಲಿ ಆ ಸಿಟ್ಟೆಲ್ಲ ಮಗಳ ಮೇಲೆ ತಿರುಗಿತು. "ಒಂದು ಗಳಿಗೆ ಬಾಯಿ ಮುಚ್ಕೊಂಡು ಇರಕ್ಕಾಗ್ಲಿಲ್ವಾ ನಿಂಗೆ? ಆ ಕೋಣೆ ನಿನಗೋಸ್ಕರ ತಾನೇ?"

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ರೈಲು ನದಿ ದಾಟುತ್ತಿತ್ತು. ಕೆಳಗೆ ಬೇಸಿಗೆಯ ಯಮುನೆ ಮರಳಿನ ನಡುವೆ ಕಪ್ಪಗೆ ಬಿದ್ದಿತ್ತು.

"ಅಲ್ಲಿ ಇದ್ದಿದ್ರೆ ಆಂಟಿ ದಿನಾ ಕೇಳ್ತಿದ್ರು ಅಮ್ಮಾ. ಪಾಪಾ ಕಾ ಫೋನ್ ಆಯಾ? ಪಾಪಾ ಯಾವಾಗ ಬರ್ತಾರೆ? ನಾನ್ ದಿನಾ ಏನ್ ಹೇಳ್ಬೇಕಿತ್ತು?" ಅವಳು ನನ್ನ ಕಡೆ ತಿರುಗಿದಳು. "ನಂಗೆ ಈಗಲೂ ಬೆಳಿಗ್ಗೆ ಎದ್ದ ತಕ್ಷಣ ಮರ್ತುಹೋಗಿರತ್ತೆ. ಪಪ್ಪ ಬಾತ್‌ರೂಮಲ್ಲಿ ಇದಾರೆ ಅಂದ್ಕೋತೀನಿ. ಆಮೇಲೆ ಯಾದ್ ಆತಾ ಹೈ. ಈಗಷ್ಟೇ ಸ್ವಲ್ಪ ಅಭ್ಯಾಸ ಆಗ್ತಿದೆ. ಮತ್ತೆ ಬದುಕಿದಾರೆ ಅಂತ ಹೇಳಕ್ಕೆ ನನ್ನಿಂದಾಗಲ್ಲ, ಮುಝ್‌ಸೇ ನಹೀ ಹೋಗಾ."

ಎದುರು ಸೀಟಿನವರು ನಮ್ಮನ್ನೇ ನೋಡುತ್ತಿದ್ದರು. ಅವಳ ಕೈ ಹಿಡಿಯಲು ಹೋದೆ, ಅವಳು ಬಿಡಿಸಿಕೊಂಡಳು. ಇಳಿಯುವ ನಿಲ್ದಾಣ ಬಂದಾಗ ತಾನೇ ನನ್ನ ಬ್ಯಾಗು ಎತ್ತಿಕೊಂಡು ಮುಂದೆ ನಡೆದಳು.

ಮನೆ ಕೊನೆಗೂ ಸಿಕ್ಕಿತು, ಮಳೆಗಾಲ ಶುರುವಾಗುವ ಹೊತ್ತಿಗೆ. ಮಯೂರ್ ವಿಹಾರ್‌ನಲ್ಲೇ, ನೆಲಮಾಳಿಗೆಯಂತಿದ್ದ ಹಿಂಭಾಗದ ಕೆಳಮನೆ. ಬೇರೆ ಯಾರೂ ಒಪ್ಪದೆ ಬಹಳ ದಿನ ಖಾಲಿ ಬಿದ್ದಿತ್ತು. ಗೋಡೆಯಲ್ಲಿ ತೇವ, ಕಿಟಕಿ ತೆರೆದರೆ ಕೈಗೆ ಎಟಕುವ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ನೊಯಿಡಾದಲ್ಲಿದ್ದ ಮಾಲೀಕರ ಷರತ್ತು ಒಂದೇ, ಕರಾರು ಗಂಡಸಿನ ಹೆಸರಲ್ಲಿರಬೇಕು. ಮೈದುನ ರೈಲು ಹತ್ತಿ ಬಂದು ಸಹಿ ಹಾಕಿದ. ಹೊರಡುವ ಮುನ್ನ ಕಿಟಕಿಯ ಮುಂದೆ ನಿಂತು, "ಇದರಲ್ಲಿ ಹೆಂಗ್ ಇರ್ತೀರಿ ಅತ್ತಿಗೆ?" ಎಂದ. ನಾನು ದುಡಿದು ಬಾಡಿಗೆ ಕಟ್ಟುವ ಈ ಮನೆಗೆ ದಾವಣಗೆರೆಯಲ್ಲಿರುವ ಅವನು ಬಾಡಿಗೆದಾರ. ನಾನು ಅವನ ಕುಟುಂಬದ ಸದಸ್ಯೆ.

ಅಲ್ಲಿ ಹಗಲು ಹೊತ್ತೂ ಟ್ಯೂಬ್‌ಲೈಟ್ ಉರಿಯಬೇಕಿತ್ತು. ಚಳಿಗಾಲದಲ್ಲಿ ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಮಗಳು ಶಾಲೆಗೆ ಹೋಗುವ ಮೊದಲು ಸಮವಸ್ತ್ರಕ್ಕೆ ಇಸ್ತ್ರಿ ಒತ್ತಿ ಒತ್ತಿ ಒದ್ದೆ ಆರಿಸುತ್ತಿದ್ದಳು. ಅವಳು ದೂರಲಿಲ್ಲ. ಆದರೆ ಹನ್ನೆರಡನೆಯ ತರಗತಿ ಮುಗಿದ ಮೇಲೆ ದೆಹಲಿಯ ಒಂದೇ ಒಂದು ಕಾಲೇಜಿಗೂ ಅರ್ಜಿ ಹಾಕಲಿಲ್ಲ. ಈಗ ಪುಣೆಯಲ್ಲಿ ಓದುತ್ತಿದ್ದಾಳೆ. ಹಾಸ್ಟೆಲ್ ಕೋಣೆಗೆ ಬಿಸಿಲು ಬರುತ್ತದೆ ಎಂದು ಮೊದಲ ದಿನವೇ ವಿಡಿಯೋ ಕರೆಯಲ್ಲಿ ತೋರಿಸಿದಳು. "ಚೆನ್ನಾಗಿದೆ," ಎಂದೆ. ಫೋನ್ ಇಟ್ಟ ಮೇಲೆ ಅಡುಗೆ ಮಾಡಲು ಮನಸ್ಸಾಗಲಿಲ್ಲ.

ಹೋದ ವಾರ ಮಾಲೀಕರು ಕರೆ ಮಾಡಿದ್ದರು. ಮಗಳು ಹೊರಗೆ ಹೋಗಿರುವುದು ಅವರಿಗೆ ಹೇಗೋ ತಿಳಿದಿತ್ತು.

"ಹಾಗಾದರೆ ಈಗ ನೀವು ಒಬ್ಬರೇ, ಮೇಡಂ?"

"ಹೌದು, ಒಬ್ಬಳೇ," ಎಂದೆ.

ಅಚ್ಛಾ, ಅಚ್ಛಾ, ಎಂದರು. ಊರಿಂದ ತಂಗಿಯ ಮಗ ಬರುವವನಿದ್ದಾನೆ, ಕರಾರು ಮುಂದುವರಿಸುವುದು ಕಷ್ಟವಾಗಬಹುದು ಎಂದರು. ನಾನು ಆಯಿತೆಂದೆ. ಮೈದುನನಿಗೆ ಇನ್ನೂ ತಿಳಿಸಿಲ್ಲ, ಮಗಳಿಗೆ ಅವಳ ಪರೀಕ್ಷೆ ಮುಗಿದ ಮೇಲೆ ಹೇಳಿದರಾಯಿತು. ಸಂಜೆ ಅದೇ ಡೀಲರ್‌ಗೆ ಫೋನ್ ಮಾಡಿದೆ. ಅವನಿಗೆ ನನ್ನ ದನಿಯ ಗುರುತು ಹತ್ತಲಿಲ್ಲ. ಎಷ್ಟು ಜನ ಇರ್ತೀರಿ ಎಂದು ಕೇಳಿದ. ಒಬ್ಬಳೇ ಎಂದೆ. ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲು ಬನ್ನಿ ಎಂದ.